ಕೆರೆಯಂಚಿನ ಹೂವಿನ ಗುರುತು ಹಿಡಿದದ್ದು

ತಿಪಟೂರಿನ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಹೇಳಿಕೊಡುವವಳು ನಾನು. ಒಂದು ಹೂವಿನ ಹೆಸರು ಗೊತ್ತಾಗುವಷ್ಟರಲ್ಲಿ ಎದೆ ಝಲ್ಲೆನ್ನುವಂಥ ಏನಾದರೂ ನಡೆಯದೆ ಇದ್ದರೆ ಅದು ನನ್ನ ಹೂವೇ ಅಲ್ಲ. ಈ ಸಲ ಮಾಯಸಂದ್ರದ ಕಡೆಯ ಒಂದು ಕೆರೆಯ ಅಂಚಿನಲ್ಲಿ ಬೆರಳುದ್ದದ ನೇರಳೆ ಹೂವು ಕಂಡಿತು. ಕೆಸರಿನಿಂದ ನೇರ ಎದ್ದ ದಾರದಂಥ ದೇಟು, ತುದಿಗೆ ಹೂವು, ಎಲೆಯ ಸುಳಿವೇ ಇಲ್ಲ. ಹುಳ ಹಿಡಿದು ತಿನ್ನುವ ಜಾತಿಯಿರಬೇಕೆಂದು ನನ್ನ ಗುಮಾನಿ. ಹಾಗಿದ್ದರೆ ಬೇರಿನಂಥ ಎಳೆಗಳಲ್ಲಿ ಸಾಸಿವೆಗಿಂತ ಸಣ್ಣ ಚೀಲಗಳಿರಬೇಕು. ಹೋದ ವರ್ಷ ನಾನು ನೋಡುವಷ್ಟರಲ್ಲಿ ಕೆಸರು ಒಣಗಿ ಹೂವು ಮಾಯವಾಗಿತ್ತು. ಈ ಸಲ ಬಿಡಬಾರದೆಂದು ಹಟ ಹಿಡಿದೆ.

ಓಲೆ

ಮಂಡಿಯೂರಿ, ಭೂತಗನ್ನಡಿ ಹಿಡಿದು, ಕೆಸರಿಗೆ ಮೂಗು ತಾಗುವಷ್ಟು ಬಗ್ಗಿದ್ದೆ. ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದವರೊಬ್ಬರು ಏರಿಯ ಮೇಲಿಂದಲೇ ಕೂಗಿದರು.

"ಏನ್ ಕಳ್ಕಂಡ್ರಿ ಮೇಡಂ? ಓಲೆನಾ?"

"ಏನೂ ಇಲ್ಲ, ಹೂವು ನೋಡ್ತಿದೀನಿ."

"ಹೂವು ನೋಡಕ್ಕೆ ಯಾರಾರ ಕೆಸರಲ್ಲಿ ಮಂಡಿ ಊರ್ತಾರಾ? ಮನೇಲಿ ಬೈತಾರೆ ಅಂತ ಮುಚ್ಚಿಡ್ಬ್ಯಾಡಿ ಕಣ್ರೀ. ನಾವು ಹುಡುಕ್ಕೊಡ್ತೀವಿ ಬುಡಿ."

ನಾನು ಬೇಡ ಬೇಡ ಅನ್ನುತ್ತಿರುವಾಗಲೇ ಬಟ್ಟೆ ಒಗೆಯುತ್ತಿದ್ದವರು, ಮೀನು ಹಿಡಿಯುತ್ತಿದ್ದವರು ಎಲ್ಲ ಬಂದು ಕೆಸರಿಗಿಳಿದು ಕಾಲಲ್ಲಿ ತಡವತೊಡಗಿದರು. ಕಣ್ಣೆದುರೇ ನನ್ನ ಹೂವಿನ ಹಾಸು ನಾಟಿಗೆ ಹದ ಮಾಡಿದ ಗದ್ದೆಯಂತಾಯಿತು. ಅಷ್ಟರಲ್ಲಿ ಒಬ್ಬಾಕೆ "ಸಿಕ್ತೂ!" ಎಂದು ಕಿರುಚಿ ಒಂದು ಓಲೆ ಎತ್ತಿ ಹಿಡಿದಳು. ತೊಳೆದು ನೋಡಿ ಅವಳೇ ದಂಗಾದಳು.

"ಅಯ್ಯೋ, ಇದು ನಂದೇ ಕಣ್ರೀ! ಹೋದ್ ವರ್ಸ ಬಟ್ಟೆ ಒಗೆಯೋವಾಗ ಬಿದ್ದೋಗಿದ್ದು! ಮೇಡಮ್ಮೋರ್ದು ಇನ್ನೂ ಸಿಕ್ಕಿಲ್ಲ, ಎಲ್ರೂ ಇನ್ನೊಂದ್ ಸಲ ತಡವ್ರಪ್ಪ!"

ಸೊಪ್ಪು

ಕಿತ್ತುಬಂದ ಗಿಡಗಳನ್ನಾದರೂ ನೋಡೋಣವೆಂದು, ಅಲ್ಲೇ ಹಬ್ಬಿದ್ದ ಹೊನಗೊನ್ನೆ ಸೊಪ್ಪಿನ ಸಮೇತ ಬಾಚಿ ಸ್ಟೀಲ್ ಡಬ್ಬಿಗೆ ತುಂಬಿಕೊಂಡು ಬಸ್ಸು ಹತ್ತಿದೆ. ಮನೆಗೆ ಬಂದು ಡಬ್ಬಿಯನ್ನು ಫ್ರಿಜ್ಜಿನಲ್ಲಿಟ್ಟೆ. ಬೆಳಿಗ್ಗೆ ಕಾಲೇಜಿಗೆ ಒಯ್ಯಲು ಫ್ರಿಜ್ಜು ತೆಗೆದರೆ ಡಬ್ಬಿಯೇ ಇಲ್ಲ. ಅತ್ತೆ ಒಲೆಯ ಪಕ್ಕದಲ್ಲಿ ಸೊಪ್ಪು ಮಸೆಯುತ್ತಿದ್ದರು.

"ಎಂಥಾ ಎಳೇ ಹೊನಗೊನ್ನೆ ತಂದಿದ್ಯಮ್ಮ! ಚೆನ್ನಾಗಿ ತೊಳ್ದು ಬೇಯಿಸ್ದೆ."

"ಅತ್ತೇ, ಅದರ ಜೊತೆ ನೇರಳೆ ಹೂವು ಇತ್ತಲ್ಲಾ?"

"ಇತ್ತು. ಬೆರಕೆ ಸೊಪ್ಪಿಗೆ ಏನ್ ಬಿದ್ರೂ ರುಚೀನೇ ಕಣಮ್ಮ."

ಖಾಲಿ ಡಬ್ಬಿಯ ತಳ ಕೆದಕಿ ನೋಡುವಷ್ಟರಲ್ಲಿ ಸಾರು ತಟ್ಟೆಗೆ ಬಿದ್ದಿತ್ತು. ಕೊಬ್ಬರಿ ಮಂಡಿಗೆ ಹೊರಟಿದ್ದ ನಮ್ಮ ಯಜಮಾನರು ಮುದ್ದೆಯ ತುತ್ತನ್ನು ಸಾರಿನಲ್ಲಿ ಹೊರಳಿಸಿ ನುಂಗಿ, ಕಣ್ಣರಳಿಸಿದರು.

"ಬಲು ರುಚಿಯಾಗೈತೆ. ಯಾವ ಸೊಪ್ಪೇ ಇದು?"

"ಅದನ್ನೇ ಇವತ್ತು ಕಂಡುಹಿಡೀಬೇಕಿತ್ತು ಕಣ್ರೀ" ಎಂದೆ.

ಕೆಂಪು ದಾರ

ಅವತ್ತೇ ಮತ್ತೆ ಕೆರೆಗೆ ಓಡಿದೆ. ಒಂದು ಮೂಲೆಯಲ್ಲಿ ಅಂಗೈಯಗಲದ ಗುಂಪೊಂದು ತುಳಿತಕ್ಕೆ ಸಿಗದೆ ಉಳಿದಿತ್ತು. ಎಲ್ಲ ಇನ್ನೂ ಮೊಗ್ಗು. ಅರಳುವ ತನಕ ಯಾರೂ ಕಾಲಿಡದಿರಲೆಂದು ಸುತ್ತ ಕಲ್ಲು ಜೋಡಿಸಿ, ದೂರಕ್ಕೆ ಕಾಣಲೆಂದು ಒಂದು ಉದ್ದ ಕಲ್ಲು ನಿಲ್ಲಿಸಿ, ಅದಕ್ಕೆ ಕೆಂಪು ದಾರ ಸುತ್ತಿ ಬಂದೆ. ನನ್ನ ಬುದ್ಧಿವಂತಿಕೆಗೆ ನಾನೇ ಬೆನ್ನು ತಟ್ಟಿಕೊಂಡೆ.

ಮುಂದಿನ ವಾರ ಹೋದವಳಿಗೆ ಎದೆ ಧಸಕ್ಕೆಂದಿತು. ಕಲ್ಲಿಗೆ ಅರಿಸಿನ ಕುಂಕುಮ. ಮುಂದೆ ರಾಶಿ ತೆಂಗಿನಕಾಯಿ ಹೋಳು. ಸುತ್ತ ಕೈಮುಗಿದು ನಿಂತ ಜನ. ಕಲ್ಲಿನ ನೆತ್ತಿಯ ಮೇಲೆ ನನ್ನ ನೇರಳೆ ಹೂವು!

"ತಾನೇ ಎದ್ದಿರೋ ಅಮ್ಮ ಕಣವ್ವ. ಹೂವನ್ನೂ ತಾನೇ ತಂದ್ಕಂಡವ್ಳೆ" ಎಂದರು ಪೂಜೆ ಮಾಡುತ್ತಿದ್ದ ಅಜ್ಜಿ.

"ಅಜ್ಜೀ, ಆ ಕಲ್ಲು ನಿಲ್ಲಿಸಿದ್ದು ನಾನು!"

"ಇರ್ಬೋದು ಬುಡವ್ವ. ಅಮ್ಮ ಯಾರ ಕೈಲಾದ್ರೂ ನಿಲ್ಲಿಸ್ಕತಾಳೆ."

ಹಾಗೆಂದವರೇ ನೆತ್ತಿಯ ಹೂವನ್ನು ತೆಗೆದು ನನ್ನ ಕೈಗೆ ಪ್ರಸಾದವೆಂದು ಹಾಕಿದರು. ಕಿತ್ತ ಭರಕ್ಕೆ ಬೇರಿನ ಎಳೆಗಳೂ ಬಂದಿದ್ದವು. ಓಡಿಹೋಗಿ ನೀರಲ್ಲಿ ಅಲುಬಿ ಭೂತಗನ್ನಡಿ ಹಿಡಿದರೆ ಪುಟ್ಟ ಪುಟ್ಟ ಚೀಲಗಳು! ಒಂದರೊಳಗೆ ಸಿಕ್ಕಿಬಿದ್ದ ಹುಳದ ಕರಿ ಚುಕ್ಕಿ! ಸಂತೋಷಕ್ಕೆ ಮೈಮರೆತು ಕೂಗಿಬಿಟ್ಟೆ.

"ಅಜ್ಜೀ, ಗುರುತು ಸಿಕ್ತು! ಇದು ಹುಳ ತಿನ್ನೋ ಹೂವು! ಮಾಂಸ ತಿನ್ನುತ್ತೆ!"

ಕರ್ಪೂರದ ತಟ್ಟೆ ಹಿಡಿದಿದ್ದ ಕೈ ಹಾಗೇ ನಿಂತಿತು. ನಾನು ನಾಲಿಗೆ ಕಚ್ಚಿಕೊಂಡೆ. ಮೈಲಿಗೆಯಾಯಿತೆಂದು ಉಳಿದ ಹೂವುಗಳನ್ನೂ ಕಿತ್ತೆಸೆದರೆ ಈ ಕೆರೆಯಲ್ಲಿ ಅದರ ವಂಶವೇ ಮುಗಿದಂತೆ. ಅಜ್ಜಿ ಎರಡೂ ಕೆನ್ನೆ ಬಡಿದುಕೊಂಡರು.

"ಅಯ್ಯೋ ತಾಯೀ, ತಪ್ಪಾಯ್ತು! ನೀನು ಹೂವಲ್ಲೇ ತೋರಿಸ್ತಿದ್ರೂ ನಮಗೆ ತಿಳೀಲಿಲ್ವಲ್ಲ! ಬರೀ ಕಾಯಿ ಒಡ್ದು ಉಪವಾಸ ಕೆಡವಿದ್ವಲ್ಲ!" ಆಮೇಲೆ ಜನರ ಕಡೆ ತಿರುಗಿ, "ಇನ್ಮೇಲೆ ಈ ಹೂವ ಯಾರೂ ಮುಟ್ಕೂಡ್ದು ಕಣ್ರಪ್ಪ. ಬರೋ ಮಂಗಳವಾರದಿಂದ ಅಮ್ಮಂಗೆ ಕೋಳಿ."

ಹೂವು ಉಳಿಯಿತೆಂದು ನಾನು ಉಸಿರು ಬಿಡುವಷ್ಟರಲ್ಲಿ ಅಜ್ಜಿ ನನ್ನ ಭುಜ ತಟ್ಟಿದರು.

"ಗುರುತು ಹಿಡಿದೋಳು ನೀನು. ಮೊದಲ್ನೇ ಕೋಳಿ ನೀನೇ ತಂದ್ಬುಡವ್ವ."