ಆಡಿನ ಜಿಗಿತಕ್ಕೆ ಮೂರು ವರ್ಷ

ನನ್ನ ತಮ್ಮ ಮೂರು ವರ್ಷ ಕೂತು ಆಡು ಜಿಗಿಯುವ ಒಂದು ಕಂಪ್ಯೂಟರ್ ಆಟ ಮಾಡಿದ. ಅಷ್ಟು ದಿನವೂ "ಆಡಿ ನೋಡು ಬಾ ಅಕ್ಕಾ" ಎಂದು ಕರೆದ. ನಾನು ಹೋಗಲಿಲ್ಲ. ಏಕೆ ಹೋಗಲಿ? ಮುದ್ದೇಬಿಹಾಳದಲ್ಲಿ ಜಿಗಿತ ಕಲಿಯಲು ಆಡಿನ ಹಿಂದೆ ಅಂಬೆಗಾಲಿಟ್ಟ ಕಂಪ್ಯೂಟರ್ ಮಾಸ್ತರ ಅವನೊಬ್ಬನೇ!

ಕೆಲಸ ಬಾರದವನೇನಲ್ಲ. ಇಂಡಿ ಊರಿನ ನಿಂಬೆ ವ್ಯಾಪಾರಿಯೊಬ್ಬರು ನಮ್ಮೂರಲ್ಲಿದ್ದ ಬೀಗರ ಮನೆಗೆ ಬಂದವರು ವೆಬ್‌ಸೈಟ್ ಕೇಳಿದರು. ವಾರದೊಳಗೆ ಹಣ್ಣು, ದರ, ಆರ್ಡರ್ ಗುಂಡಿ ಎಲ್ಲ ಸಿದ್ಧ! ತೆರೆಯ ಮೇಲಿನ ಆಡನ್ನು ಕಂಡು ಅವರು ಕೇಳಿಯೇಬಿಟ್ಟರು:

"ನನ್ನ ತ್ವಾಟ, ಅಂಗಡಿ, ಲಾರಿ ಎಲ್ಲಾ ವಾರದಾಗ ಒಳಗ ಹಾಕಿದ್ರಿ. ಒಂದು ಆಡಿಗೆ ಮೂರು ವರ್ಷಾ ಏನ್ರಿ ಮಾಸ್ತರ?"

"ನಿಮ್ಮ ನಿಂಬಿಹಣ್ಣು ಸುಮ್ನ ಕುಂಡ್ರತಾವ್ರಿ ಸಾವಕಾರ್ರ. ಒತ್ತಿದ್ರ ಪುಟ ತೆರೀತೈತಿ, ಮುಗೀತು. ಆಡು ಜಿಗೀಬೇಕು, ಬೀಳಬೇಕು, ಬಿದ್ದದ್ದು ನೋಡಿ ನಗಿ ಬರಬೇಕು. ಬರಲಿಲ್ಲಂದ್ರ ಮತ್ತ ಮೊದಲಿಂದ!"

ಆ 'ಮೊದಲಿಂದ' ನಡೆಯುತ್ತಿದ್ದುದು ನಮ್ಮ ಅಂಗಳದಲ್ಲಿ. ನಮ್ಮ ಮನೆಯ ಆಡು ಜಿಗಿಯಲೆಂದು ನನ್ನ ರೊಟ್ಟಿಬುಟ್ಟಿಯನ್ನೇ ಗೋಡೆಯಾಚೆ ಇಟ್ಟ. ಆಡು ಜಿಗಿಯಲಿಲ್ಲ, ಸುತ್ತುಹಾಕಿ ಹೋಗಿ ರೊಟ್ಟಿ ತಿಂದಿತು. ಇಬ್ಬರಲ್ಲಿ ಬುದ್ಧಿ ಯಾರಿಗೆ ಹೆಚ್ಚು?

"ಅಕ್ಕಾ, ಇನ್ನೊಮ್ಮೆ ಅದರ ಬೆನ್ನತ್ತು!"

"ನಿನ್ನ ಬೆನ್ನತ್ತತೇನಿ ನೋಡು, ಹುಚ್ಚಪ್ಯಾಲಿ!"

ಮುಂದಿನ ಕೋಣೆಯಲ್ಲೇ ಅವನ ಕಂಪ್ಯೂಟರ್ ಕ್ಲಾಸು. ಆಡಲು ಕರೆದಾಗಲೆಲ್ಲ "ರೊಟ್ಟಿ ಬಡಿಯೂದೈತಿ" ಎನ್ನುತ್ತಿದ್ದೆ. ನಿಜ ಬೇರೆ. ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. ಅವನ ವಿದ್ಯಾರ್ಥಿಗಳ ಮುಂದೆ ತೆರೆಯ ಮೇಲೆ ಇಂಗ್ಲಿಷ್ ಬಂದರೆ? ಆ ಅಂಜಿಕೆ ಮುಚ್ಚಿಕೊಳ್ಳಲು ಓಣಿಯೆಲ್ಲ ನಗುವಂತೆ ಅವನಿಗೆ 'ಆಡಿನ ಮಾಸ್ತರ' ಎಂದು ಹೆಸರಿಟ್ಟೆ.

ಒಂದು ದಿನ ಅವನು ಕರೆಯಲಿಲ್ಲ. "ಆ ಆಟ ಅಳಿಸಿಬಿಡ್ತೇನಿ. ಇನ್ನ ಬರೇ ವೆಬ್‌ಸೈಟ್ ಮಾಡ್ತೇನಿ" ಎಂದ. ಹಂಚಿನ ಮೇಲೆ ರೊಟ್ಟಿ ಕರಕಾಯಿತು. ಹಿಟ್ಟಿನ ಕೈ ಒರೆಸಿಕೊಂಡು ಹೋಗಿ ಅವನ ಕುರ್ಚಿಯಲ್ಲಿ ಕೂತೆ.

ತೆರೆಯಲ್ಲಿ ನಮ್ಮದೇ ಅಂಗಳ! ಆಡು ರೊಟ್ಟಿ ಕಚ್ಚಿ ಓಡಿತು. ಅದರ ಹಿಂದೆ ಸೆರಗು ಸಿಕ್ಕಿಸಿಕೊಂಡ ಒಬ್ಬಳು, ಎಡಗಾಲು ತುಸು ಎಳೆಯುತ್ತ... ನನ್ನದೇ ನಡಿಗೆ. ಗುಂಡಿ ಒತ್ತಿದೆ. ಅವಳು ಗೋಡೆಯನ್ನೇ ಜಿಗಿದಳು! ನಕ್ಕೆ. ಆಮೇಲೆ ತೆರೆಯನ್ನೆಲ್ಲ ಹುಡುಕಿದೆ.

"ಅಕ್ಷರಾ ಎಲ್ಲಿ ಅದಾವೋ?"

"ವೆಬ್‌ಸೈಟ್ ಆಗಿದ್ರ ಬರದು ತಿಳಸ್ತಿದ್ದೆ. ಇದು ನಿನಗಂತ ಮಾಡಿದ್ದು, ಅಕ್ಕಾ. ಒಂದಕ್ಷರಾನೂ ಬರೀದ ತಿಳಸಬೇಕಲಾ... ಅದಕ್ಕ ಹೊತ್ತಾತು."

ಕೋಣೆಯ ಹುಡುಗರೆಲ್ಲ ನನ್ನನ್ನೇ ನೋಡುತ್ತಿದ್ದರು. ನೋಡಲಿ ಎಂದು ಗಟ್ಟಿಯಾಗಿಯೇ ಹೇಳಿದೆ:

"ತಪ್ಪಾತೋ ತಮ್ಮಾ. ನನಗ ಇಂಗ್ಲಿಷ್ ಓದಾಕ ಬರೂದಿಲ್ಲಂತ ಅಂಜಿ, ಊರಾಗೆಲ್ಲಾ ನಿನ್ನ ನಗಿ ಮಾಡಿದೆ. ತಪ್ಪಾತು."