ನನ್ನ ಕಾರಿನ ಎಡಗಣ್ಣು

ಹಳೇ ಕಾರು ಕೊಂಡವನ ಮನೆಯಲ್ಲಿ ನಗುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ಒಂದು ಫಜೀತಿ ಮುಗಿಯುವಷ್ಟರಲ್ಲಿ ಇನ್ನೊಂದು ಬಾಗಿಲಿಗೆ ಬಂದು ನಿಂತಿರುತ್ತದೆ. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಗಂಗಾವತಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರನಾಗಿದ್ದೆ. ಅಕ್ಕಿ ಗಿರಣಿಯ ಸಾಹುಕಾರರೊಬ್ಬರು ಹೊಸ ಕಾರು ತರಿಸಿಕೊಂಡು, ಹಳೆಯದಕ್ಕೆ ಬಣ್ಣ ಬಳಿದು ನನಗೆ ದಾಟಿಸಿದರು. ಸೀಟಿನ ಸಂದಿಯಲ್ಲಿ ಕೈ ಹಾಕಿದರೆ ಇನ್ನೂ ಭತ್ತ ಸಿಗುತ್ತಿತ್ತು. ಎಲ್ಲ ಸರಿಯಿತ್ತು, ಎಡಗಡೆಯ ಹಿಂದಿನ ಇಂಡಿಕೇಟರ್ ಒಂದು ಮಾತ್ರ ಹತ್ತುತ್ತಿರಲಿಲ್ಲ.

೧. ಬಳೆ ತೊಟ್ಟ ಸಿಗ್ನಲ್

ಪಕ್ಕದ ಮನೆಯಲ್ಲಿ ನಿವೃತ್ತ ಬಸ್ ಡ್ರೈವರ್ ಒಬ್ಬರಿದ್ದರು. ನನಗೆ ಗಾಡಿ ಕಲಿಸಿದ ಗುರುಗಳು. ಕುಷ್ಟಗಿ, ಯಲಬುರ್ಗಾ, ಕುಕನೂರು ರಸ್ತೆಗಳ ಒಂದೊಂದು ತಗ್ಗೂ ಅವರಿಗೆ ಬಾಯಿಪಾಠ. ನನ್ನ ಸಂಕಟ ಕೇಳಿ ಅವರು ನಕ್ಕರು.

"ಮಾಸ್ತರ, ನಾ ಇಷ್ಟ ವರ್ಷ ಬಸ್ಸು ಹೊಡದೀನಿ. ಎಡಕ ತಿರಗೂದಿದ್ರ ಕಂಡಕ್ಟರ್ ಕೈ ಹೊರಗ ಹಾಕತಿದ್ದ. ನಿಮ್ಮ ಗಾಡಿಗೆ ದೀಪದ ತ್ರಾಸಿಲ್ಲ, ಕಂಡಕ್ಟರ್ ಇಲ್ಲದ್ದ ತ್ರಾಸ ಐತಿ."

ಮರುದಿನ ಹೆಂಡತಿಯನ್ನು ಎಡಗಡೆ ಕೂಡಿಸಿಕೊಂಡು ಕಂಡಕ್ಟರ್ ಕೆಲಸ ಕೊಟ್ಟೆ. ಸಂತೆ ರಸ್ತೆಯ ತಿರುವಿನಲ್ಲಿ ಆಕೆ ಹಸಿರು ಬಳೆಯ ಕೈಯನ್ನು ಹೊರಗೆ ಚಾಚಿದಳು. ಕಾಯಿಪಲ್ಯೆ ಮಾರುವ ಹೆಂಗಸರು ನಾಲ್ಕು ಜನ, ಅಕ್ಕಾರು ಕರೆದರೆಂದು ಬುಟ್ಟಿ ಹೊತ್ತು ಕಾರನ್ನು ಸುತ್ತಿಕೊಂಡರು. ಆ ದಿನ ನಮಗೆ ವಾರಕ್ಕಾಗುವಷ್ಟು ಬದನೆಕಾಯಿ ಬಂತು, ಎಡಕ್ಕೆ ತಿರುಗಲು ಜಾಗ ಮಾತ್ರ ಸಿಗಲಿಲ್ಲ.

೨. ಬಾಯಿ ಬಿಟ್ಟು ಕೆಟ್ಟೆ

ಲೈಸನ್ಸ್ ಕೊಡುವ ಇನ್‌ಸ್ಪೆಕ್ಟರ್ ಸಾಹೇಬರು ತಿಂಗಳಿಗೊಮ್ಮೆ ಕೊಪ್ಪಳಕ್ಕೆ ಬರುತ್ತಿದ್ದರು. ನನ್ನ ಪಾಳಿ ಮುಂದಿನ ಸೋಮವಾರವಿತ್ತು. ದೀಪ ಹತ್ತದ ಗಾಡಿ ತಂದವರಿಗೆ, ಎಷ್ಟು ಚೆನ್ನಾಗಿ ಓಡಿಸಿದರೂ, ಅವರು ಲೈಸನ್ಸ್ ಕೊಡುವುದಿಲ್ಲವೆಂದು ಗುರುಗಳು ಮೊದಲೇ ಹೆದರಿಸಿದ್ದರು.

ಈ ಸುದ್ದಿ ನಮ್ಮ ಹೆಡ್‌ಮಾಸ್ತರರಿಗೆ ಹೇಗೋ ಮುಟ್ಟಿತು. ಎಲ್ಲ ಮಾಸ್ತರರ ಎದುರಿಗೇ ಕೇಳಿದರು: "ನೀವ ಹುಡುಗರಿಗೆ ಕರೆಂಟಿನ ಪಾಠ ಹೇಳಾವ್ರು. ನಿಮ್ಮ ಗಾಡಿ ದೀಪಾನ ಹತ್ತಂಗಿಲ್ಲಂದ್ರ ಹೆಂಗ್ರಿ?"

ನನಗೆ ಸಿಟ್ಟು ಬಂತು. "ಮೆಕ್ಯಾನಿಕ್ಕಿನ ಕೈ ಹಚ್ಚಸಂಗಿಲ್ಲರಿ. ಮನ್ಯಾಗ ನಾನ ರಿಪೇರಿ ಮಾಡಿ, ಸೋಮವಾರ ಲೈಸನ್ಸ್ ತಂದು ನಿಮ್ಮ ಟೇಬಲ್ ಮ್ಯಾಲ ಇಡ್ತೀನಿ," ಎಂದುಬಿಟ್ಟೆ.

ಲೈಸನ್ಸ್ ಹೋದರೆ ಮುಂದಿನ ತಿಂಗಳು ಮತ್ತೆ ಹೋಗಬಹುದಿತ್ತು. ಮಾನ ಹೋದರೆ ಅದೇ ಶಾಲೆಯಲ್ಲಿ ನಿವೃತ್ತಿಯವರೆಗೂ ಇರಬೇಕಿತ್ತು. ಸಂಜೆ ಮನೆಗೆ ಬಂದು ಹೆಂಡತಿಗೆ ನನ್ನ ಪ್ರತಿಜ್ಞೆ ಹೇಳಿದೆ. ಆಕೆ ಒಗ್ಗರಣೆಯಿಂದ ತಲೆ ಎತ್ತದೆ ಕೇಳಿದಳು, "ಹೋದ ವರ್ಷ ಬಿಚ್ಚಿದ ರೇಡಿಯೋ ಯಾವ ಸೋಮವಾರ ಹಾಡ್ತೈತ್ರಿ?"

೩. ಅವ್ವನ ವರದಿ

ಒಳಗೆ ಕೂತು ಸ್ವಿಚ್ಚು ಹಾಕಿದವನಿಗೆ ಹಿಂದಿನ ದೀಪ ಕಾಣುವುದಿಲ್ಲ. ನೋಡಿ ಹೇಳಲು ಒಬ್ಬರು ಬೇಕು. ಶುಕ್ರವಾರ ಸಂಜೆ ಅವ್ವ ಅಂಗಳದಲ್ಲಿ ತುಳಸಿಗೆ ದೀಪ ಹಚ್ಚಿ ಬಿಡುವಾಗಿದ್ದಳು. ಆಕೆಯನ್ನೇ ಕಾರಿನ ಹಿಂದೆ ನಿಲ್ಲಿಸಿದೆ. ಮೊದಲು ಸರಿಯಿದ್ದ ಬಲಗಡೆಯದನ್ನು ಹಾಕಿ, "ಹೆಂಗೈತಿ ಹೇಳಬೇ ಯವ್ವಾ," ಎಂದೆ.

"ಹತ್ತೇತಿ... ದೇವರು ಛಲೋ ಮಾಡ್ಲಿ... ಹತ್ತೇತಿ... ದೇವರು ಛಲೋ ಮಾಡ್ಲಿ... ಹತ್ತೇತಿ..."

ಇಂಡಿಕೇಟರಿನ ವೇಗಕ್ಕೆ ಆಕೆಯ ಉಸಿರು ಸಾಲದೆ ಕೆಮ್ಮು ಬಂತು. ನಾನು ಓಡಿ ಇಳಿದು, ನಡುನಡುವೆ ದೇವರನ್ನು ಯಾಕೆ ಕರೆಯುತ್ತೀ ಎಂದು ಕೇಳಿದೆ.

"ಮತ್ತ ಅದು ಗಳಿಗಿಗೊಮ್ಮೆ ಹೋಗ್ತೈತಲೋ ತಮ್ಮಾ. ದೀಪ ಹಚ್ಚೋ ಹೊತ್ತಿನ್ಯಾಗ ದೀಪ ಆರಿತು ಅಂತ ನನ್ನ ಬಾಯ್ಲೆ ಅನ್ನಸ್ತೀಯೇನು? ಅದಕ್ಕ ದೇವರು ಛಲೋ ಮಾಡ್ಲಿ ಅಂದೆ."

ಎಡಗಡೆಯದನ್ನು ಹಾಕಿದೆ. ಈ ಸಲ ಶಾಂತವಾಗಿ ಒಂದೇ ಮಾತು ಬಂತು: "ದೇವರು ಛಲೋ ಮಾಡ್ಲಿ."

ಎಡಗಡೆಯ ಕಥೆ ನನಗೆ ತಿಳಿಯಿತು. ಅವ್ವ ಮಾತ್ರ ಇಷ್ಟು ಒಳ್ಳೆಯ ಮಾತಾಡಿದರೂ ಮಗನ ಮುಖ ಯಾಕೆ ಸಪ್ಪಗಾಯಿತೆಂದು ರಾತ್ರಿ ನನ್ನ ದೃಷ್ಟಿ ತೆಗೆದಳು.

೪. ವಿಜ್ಞಾನಕ್ಕೊಂದು ಏಟು

ಭಾನುವಾರ ಶಾಸ್ತ್ರೋಕ್ತವಾಗಿ ಶುರು ಮಾಡಿದೆ. ಎಡಗಡೆಯ ಬಲ್ಬು ಬಲಕ್ಕೆ, ಬಲಗಡೆಯದು ಎಡಕ್ಕೆ ಹಾಕಿದೆ. ಬಲ್ಬುಗಳೆರಡೂ ಬಲಗಡೆ ಹತ್ತಿದವು, ಎಡಗಡೆ ಎರಡೂ ಮುನಿಸಿಕೊಂಡವು. ಅಂದರೆ ಬಲ್ಬಿನ ತಪ್ಪಲ್ಲ. ಫ್ಯೂಜು ನೋಡಿದೆ, ವೈರು ಎಳೆದು ನೋಡಿದೆ. ಮಧ್ಯಾಹ್ನದ ಹೊತ್ತಿಗೆ ಅರ್ಧ ಕಾರು ಅಂಗಳದಲ್ಲಿ ಹಾಸಿದ ಚಾಪೆಯ ಮೇಲಿತ್ತು. ಉಟ್ಟ ಧೋತರದ ಬಣ್ಣ ಯಾವುದೆಂದು ಹೆಂಡತಿಗೂ ಗುರುತು ಸಿಗಲಿಲ್ಲ.

ಗುರುಗಳು ಎಲೆ ಅಡಿಕೆ ಜಗಿಯುತ್ತ ಬಂದರು. "ಮಾಸ್ತರ, ಸಾಲ್ಯಾಗ ಪಾಠ ಬರದ ಹುಡುಗಗ ಏನ್ ಮಾಡ್ತೀರಿ?" ಎಂದು ಕೇಳಿ, ನನ್ನ ಉತ್ತರಕ್ಕೂ ಕಾಯದೆ ಎಡಗಡೆಯ ದೀಪದ ಪಕ್ಕ ಅಂಗೈಯಿಂದ ಫಟಾರನೆ ಒಂದು ಕೊಟ್ಟರು. ದೀಪ ಮಿಣಮಿಣ ಹತ್ತಿತು.

ನಾನು ಆರು ತಾಸು ಓದಿದ್ದನ್ನು ಅವರು ಒಂದು ಏಟಿನಲ್ಲಿ ಪಾಸು ಮಾಡಿದ್ದು ನೋಡಿ ನನಗೆ ಅಳುವೇ ಬಂತು. ಆದರೆ ಅದೇ ಏಟು ದಾರಿಯನ್ನೂ ತೋರಿಸಿತು. ದೀಪಕ್ಕೆ ಹೋದ ಕರೆಂಟು ಕಾರಿನ ಮೈಯೊಳಗಿಂದ ಬ್ಯಾಟರಿಗೆ ತಿರುಗಿ ಬರಬೇಕು. ಸಾಹುಕಾರರು ಧಾರಾಳವಾಗಿ ಬಳಿಸಿದ ಬಣ್ಣ ದೀಪದ ತಿರುಪಿನ ಬುಡಕ್ಕೂ ಕೂತು, ಬರುವ ದಾರಿ ಮುಚ್ಚಿತ್ತು. ಏಟು ಬಿದ್ದಾಗಷ್ಟೇ ಕಬ್ಬಿಣಕ್ಕೆ ಕಬ್ಬಿಣ ತಾಗುತ್ತಿತ್ತು. ದೀಪದಿಂದ ಕಾರಿನ ಮೈಗೆ ಹೊರಗಿನಿಂದಲೇ ಒಂದು ಗೇಣು ತಾಮ್ರದ ತಂತಿ ಸುತ್ತಿದೆ. ಇಂಡಿಕೇಟರ್ ಟಿಕ್ ಟಿಕ್ ಎಂದು ಸರಿಯಾಗಿ ಬಡಿದುಕೊಂಡಿತು.

ನಾನು ಗೆದ್ದೆನೆಂದು ಒಳಗೆ ಹೋಗಿ ಕೂಗಿ ಹೇಳಿದೆ. "ಹೌದ್ರೀ? ಹಂಗಾರ ಚಾಪಿ ಮ್ಯಾಲಿನ ಸಾಮಾನೂ ಒಳಗ ಹಾಕ್ರಿ," ಎಂದಳು ಹೆಂಡತಿ. ಎಲ್ಲ ಹಾಕಿದ ಮೇಲೆ ಏಳು ತಿರುಪು ಉಳಿದವು. ಅವಿಲ್ಲದೆಯೂ ಕಾರು ಹನ್ನೊಂದು ವರ್ಷ ಓಡಿತು.

೫. ಕೊಪ್ಪಳದ ಆಶೀರ್ವಾದ

ಸೋಮವಾರ ಗುರುಗಳನ್ನು ಪಕ್ಕದಲ್ಲಿ ಕೂಡಿಸಿಕೊಂಡು ಕೊಪ್ಪಳಕ್ಕೆ ಹೊರಟೆ. ಮಗ ಸಾಹೇಬರ ಮುಂದೆ ಗಾಡಿ ಹೊಡೆಯುವುದನ್ನು ನೋಡಬೇಕೆಂದು ಅವ್ವನೂ ಹಿಂದೆ ಕೂತಳು. ಮೈದಾನದಲ್ಲಿ ಟ್ರ್ಯಾಕ್ಟರು, ಲಾರಿಗಳ ಸಾಲು ಉದ್ದ ಇತ್ತು. ನಮ್ಮ ಪಾಳಿ ಬರುವಷ್ಟರಲ್ಲಿ ಹೊತ್ತು ಮುಳುಗುತ್ತಿತ್ತು. ಗುರುಗಳು ಚಹಾಕ್ಕೆ ಹೋಗಿದ್ದರು, ಅವ್ವ ಇಳಿದು ಕಾರಿನ ಪಕ್ಕ ನಿಂತಿದ್ದಳು.

ಸಾಹೇಬರು ನಮ್ಮತ್ತ ಬರುವಾಗ ನಾನು ಕಾರಿನ ಮುಂದೆ ಹೋಗಿ ಒಮ್ಮೆ ನೋಡಿದೆ. ಬಂಪರಿಗೆ ನಿಂಬೆಹಣ್ಣು, ಮೆಣಸಿನಕಾಯಿ ತೂಗಾಡುತ್ತಿದ್ದವು. ಕಟ್ಟಿದ್ದು ತಾಮ್ರದ ತಂತಿಯಿಂದ.

"ಯವ್ವಾ, ಈ ತಂತಿ ಎಲ್ಲಿಂದು?"

"ಹಿಂದ ದೀಪದ ಹಂತೇಕ ಸುಮ್ಮನ ಸುತ್ತಿತ್ತಲ್ಲೋ. ಮುಂಜಾನಿ ಬಿಚ್ಚಿಕೊಂಡೆ. ಛಲೋ ಗಟ್ಟಿ ಐತಿ."

ನಾನು ತಂತಿ ಬಿಚ್ಚಲು ಬಗ್ಗಿದೆ. ಅಷ್ಟರಲ್ಲಿ ಸಾಹೇಬರು ಕಾರೊಳಗೆ ಕೂತೇಬಿಟ್ಟಿದ್ದರು. ಮೈದಾನ ಒಂದು ಸುತ್ತು ಹಾಕಿಸಿದರು, ಹಿಂದಕ್ಕೆ ತೆಗೆಸಿದರು. ಅದೆಲ್ಲ ಸರಿಯಾಯಿತು. ತಿರುಗಿ ಅವ್ವ ನಿಂತಲ್ಲಿಗೇ ಬಂದು ನಿಲ್ಲಿಸಿದಾಗ, "ಎಡಗಡಿ ಇಂಡಿಕೇಟರ್ ಹಾಕ್ರಿ," ಎಂದರು. ಇಡೀ ದಿನ ಬಿಸಿಲಿನಲ್ಲಿ ನಿಂತು ಸುಸ್ತಾಗಿದ್ದ ಅವರಿಗೆ ಇಳಿಯಲು ಮನಸ್ಸಿರಲಿಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದರು: "ಅಮ್ಮಾರ, ಹಿಂದಿನ ದೀಪ ಒಂಚೂರು ನೋಡಿ ಹೇಳ್ರಿ."

ಅವ್ವ ಕಾರಿನ ಹಿಂದೆ ಹೋದಳು. ನಾನು 'ಹತ್ತೇತಿ' ಎಂಬ ಒಂದು ಮಾತಿಗಾಗಿ ಕಾದೆ. ಆಕೆ ಮುಂದೆ ಬಂದು ಎರಡೂ ಕೈ ಜೋಡಿಸಿದಳು.

"ದೇವರು ಛಲೋ ಮಾಡ್ಲಿರಿ ಸಾಹೇಬ್ರ."

ಸಾಹೇಬರ ಮುಖ ಅರಳಿತು. ನನಗೆ ಹೆದರಿಕೆಗಿಂತ ನಾಚಿಕೆ ಹೆಚ್ಚಾಯಿತು. "ಸಾಹೇಬ್ರ, ಆ ದೀಪ ಖರೇ ಅಂದ್ರ..." ಎಂದು ಶುರು ಮಾಡಿದೆ.

"ಸುಮ್ಮನಿರ್ರಿ ಮಾಸ್ತರ. ಮುಂಜಾನಿಂದ ಮಂದಿ ಕೈಲೆ ಬೈಸಿಕೊಂಡೀನಿ. ಒಬ್ರು ಹಿರ್‍ಯಾರು ಬಾಯಿತುಂಬ ಹರಸ್ಯಾರ, ಇನ್ನ ನಾ ಇಳದು ದೀಪ ನೋಡ್ಲೇನು?" ಎಂದು ಕಾಗದಕ್ಕೆ ಸಹಿ ಹಾಕಿ ಕೊಟ್ಟರು.

ಅವ್ವನ ಹರಕೆ ಅವರಿಗೆ ಬಹಳ ಹಿಡಿಸಿರಬೇಕು. ತಮ್ಮ ಜೀಪು ಹತ್ತಿ, ಹೊರಡುವ ಮೊದಲು ತಾವೂ ಎಡಗಡೆಯ ಇಂಡಿಕೇಟರ್ ಹಾಕಿ ಕೂಗಿದರು: "ಅಮ್ಮಾರ, ನಮ್ಮದೂ ಒಮ್ಮೆ ನೋಡಿಬಿಡ್ರಿ."

ಅವ್ವ ಜೀಪಿನ ಹಿಂದೆ ಹೋಗಿ ಬಹಳ ಹೊತ್ತು ನಿಂತಳು. ಆಮೇಲೆ ಮತ್ತೆ ಎರಡೂ ಕೈ ಜೋಡಿಸಿದಳು.

"ದೇವರು ನಿಮಗೂ ಛಲೋ ಮಾಡ್ಲಿರಿ."