ಘಟ್ಟ ಇಳಿದು ಆಳು ತರಲು ಹೋದದ್ದು

ಊರು ಬಿಟ್ಟು ನಾಲ್ಕು ಹೆಜ್ಜೆ ಆಚೆ ಹೋದರೆ ಸಾಕು, ಇಷ್ಟು ದಿನ ಲೋಕವೆಂದುಕೊಂಡದ್ದು ನಮ್ಮ ಬೇಲಿಯೊಳಗಿನದಷ್ಟೇ ಎಂದು ಯಾರಾದರೂ ತೋರಿಸಿಕೊಟ್ಟೇ ಬಿಡುತ್ತಾರೆ. ನನಗೆ ಹೀಗೆ ಆಗುತ್ತಲೇ ಇರುತ್ತದೆ. ಆದರೆ ಮೊದಲ ಸಲ ಚಾರ್ಮಾಡಿ ಘಟ್ಟ ಇಳಿದಾಗ ಆದಷ್ಟು ಇನ್ನೆಂದೂ ಆಗಿಲ್ಲ.

ಆಗಿನ್ನೂ ಬಿಳಿಯರ ಕಾಲ. ನಾನು ಮೂಡಿಗೆರೆ ಕಡೆಯ ಒಂದು ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರು. ಆ ವರ್ಷ ಕೊಂಬೆ ಬಗ್ಗುವಂತೆ ಹಣ್ಣು ಬಂದಿತ್ತು. ಪ್ರತಿ ಕೊಯ್ಲಿಗೂ ಕರಾವಳಿಯಿಂದ ಆಳು ಕರೆತರುತ್ತಿದ್ದವನು ಕಾಯಿಲೆ ಬಿದ್ದಿದ್ದ. "ನೀವೇ ಹೋಗಿ ಜನ ಕರ್ಕೊಂಡು ಬನ್ನಿ ರೈಟ್ರೆ. ಬರಿಗೈಲಿ ಬಂದ್ರೆ ಹಣ್ಣೆಲ್ಲ ಉದುರಿ ನೆಲದ ಪಾಲು" ಎಂದು ಸಾಹುಕಾರರು ನನ್ನನ್ನೂ ಕಳಸದ ಕಡೆಯವನಾದ ನಮ್ಮ ಮೇಸ್ತ್ರಿಯನ್ನೂ ಹೊರಡಿಸಿದರು. ಘಟ್ಟದ ಕೆಳಗೆ ಹೇಗಿದೆಯೆಂದು ಇಬ್ಬರಿಗೂ ಗೊತ್ತಿರಲಿಲ್ಲ.

ಗಡಿ

ಕೊಟ್ಟಿಗೆಹಾರ ದಾಟಿ ಘಟ್ಟದ ಅಂಚಿಗೆ ಬಂದೆವು. ಕೆಳಗೆ ಕಾಡಿನ ಮೇಲೆ ಕಾಡು, ಕಣ್ಣು ಸೋಲುವವರೆಗೆ ಹಸಿರು.

"ಇಲ್ಲಿಗೆ ಮೈಸೂರು ಸೀಮೆ ಮುಗೀತು. ಕೆಳಗೆ ಮಹಾರಾಜರ ಮಾತು ನಡೆಯೋದಿಲ್ಲ" ಎಂದೆ.

ಮೇಸ್ತ್ರಿ ಕೆಳಗೊಮ್ಮೆ ಇಣುಕಿದ. "ಹಂಗಾದ್ರೆ ನಮ್ಮ ಸಾಹುಕಾರ್ರ ಮಾತು?"

"ಅದೂ ಇಲ್ಲ ಮಾರಾಯ."

ಕೆಲಸದ ಹೊತ್ತಿನಲ್ಲಿ ಎಂದೂ ಕೂರದ ಮನುಷ್ಯ, ಅಲ್ಲೇ ಬಂಡೆಯ ಮೇಲೆ ಕಾಲು ಚಾಚಿ ಕೂತು ಬೀಡಿ ಹಚ್ಚಿದ.

ಬೆಲ್ಲ

ಕಡಲ ಹತ್ತಿರದ ಹಳ್ಳಿಯಲ್ಲಿ ಒಂದು ದೊಡ್ಡ ಮನೆ. ಆ ಮನೆಯವರು ಹೂಂ ಅಂದರೆ ಊರಿಗೂರೇ ಹೊರಡುತ್ತದೆ ಎಂದು ಕೇಳಿದ್ದೆವು. ಜಗಲಿಯ ಮೇಲೆ ಬಿಳಿ ಮೀಸೆಯ ಹಿರಿಯರೊಬ್ಬರು, ಸುತ್ತ ಊರಿನ ನಾಲ್ಕೈದು ಜನ ಕೂತಿದ್ದರು. ಒಳಗಿಂದ ಒಬ್ಬ ವಯಸ್ಸಾದ ಹೆಂಗಸು ಬಂದು, ನಮ್ಮಿಬ್ಬರ ಎದುರೂ ಆ ಹಿರಿಯರ ಎದುರೂ ಒಂದೊಂದು ಚೆಂಬು ನೀರು, ಒಂದೊಂದು ಅಚ್ಚು ಬೆಲ್ಲ ಇಟ್ಟು ಹೋದರು.

ಬೆಲ್ಲ ಕಚ್ಚಿ ನೀರು ಕುಡಿಯಬೇಕು, ಅದು ಅಲ್ಲಿಯ ಉಪಚಾರ. ನಮ್ಮ ಮೇಸ್ತ್ರಿಗೆ ಏನು ಗೊತ್ತು? ಇಡೀ ಅಚ್ಚನ್ನು ಚೆಂಬಿಗೆ ಹಾಕಿ, ಅದರ ಬಾಯಲ್ಲಿ ಕೈ ಇಳಿಯದ್ದಕ್ಕೆ ಪಕ್ಕದಲ್ಲಿದ್ದ ಕಡ್ಡಿಯಿಂದ ತಿರುವತೊಡಗಿದ. ಜಗಲಿಯಲ್ಲಿದ್ದವರೆಲ್ಲ ಬಿಟ್ಟ ಕಣ್ಣು ಬಿಟ್ಟಂತೆ ನೋಡಿದರು. ನಾನು ನಾಚಿಕೆಯಿಂದ ಕುಗ್ಗಿಹೋದೆ.

ಆ ಹಿರಿಯರು ತಮ್ಮ ಬೆಲ್ಲವನ್ನೂ ಚೆಂಬಿಗೆ ಹಾಕಿ, ಒಂದು ಕಡ್ಡಿ ಹುಡುಕಿ, ತಿರುವಿ ಕುಡಿದರು. ನೆಂಟನ ಮಾನ ಕಾಯುವುದೆಂದರೆ ಇದು ಎಂದು ನನ್ನ ಕಣ್ಣು ತುಂಬಿ ಬಂತು.

ಮೇಸ್ತ್ರಿ ನನ್ನ ಕಿವಿಯಲ್ಲಿ, "ನೋಡಿ ರೈಟ್ರೆ, ಪಾಪ, ಇವ್ರಿಗೆ ಇಷ್ಟು ದಿನ ಗೊತ್ತೇ ಇರ್ಲಿಲ್ಲ" ಎಂದ.

ಕಡಲು

ಸಂಜೆ ಕಡಲು ನೋಡಲು ಹೋದೆವು. ಎಲ್ಲಿ ತಿರುಗಿದರೂ ಒಂದು ಗುಡ್ಡ ಅಡ್ಡ ಬರುವ ಊರಿನವರು ನಾವು. ಅಡ್ಡವೇ ಇಲ್ಲದ್ದನ್ನು ನೋಡಿ ಮೇಸ್ತ್ರಿ ಕೈ ಮುಗಿದ. ಆಮೇಲೆ ಒಂದು ಬೊಗಸೆ ನೀರೆತ್ತಿ ಬಾಯಿಗೆ ಹಾಕಿ, ಉಗಿದು, ಮತ್ತೆ ಕೈ ಮುಗಿದ.

"ಎರಡನೇ ಸಲ ಯಾಕೋ?" ಎಂದೆ.

"ಮೊದಲ್ನೇದು ನೀರು ತುಂಬಿದವ್ನಿಗೆ. ಇದು ಇಷ್ಟಕ್ಕೂ ಉಪ್ಪು ಕಲಸಿದವ್ನಿಗೆ."

ನೆಂಟ

ಮರುದಿನವಿಡೀ ಆ ಹಿರಿಯರ ಎದುರು ನಮ್ಮ ತೋಟದ ಗುಣಗಾನ ಮಾಡಿದೆ. ಅವರು ಎಲ್ಲದಕ್ಕೂ "ಒಳ್ಳೇದು, ಒಳ್ಳೇದು" ಎನ್ನುತ್ತಿದ್ದರು. ಕೆಲಸ ಆಯಿತೆಂದುಕೊಂಡೆ. ಅದರ ಮಾರನೇ ಬೆಳಗ್ಗೆ ನೋಡಿದರೆ ಅವರೇ ಗಂಟು ಕಟ್ಟಿಕೊಂಡು ಹೊರಟಿದ್ದಾರೆ!

"ಯಜಮಾನ್ರೆ, ಜನದ ವಿಷಯ?"

"ಅಯ್ಯೋ, ನಾನು ಯಜಮಾನ ಅಲ್ಲ ಮಾರಾಯ್ರೆ. ಇದು ನನ್ನ ಹೆಂಡತಿಯ ಮನೆ. ನನ್ನ ಮನೆ ಆಚೆ ಊರಲ್ಲಿ, ಅಕ್ಕನ ಹತ್ತಿರ. ಇಲ್ಲಿ ಮನೆ, ಗದ್ದೆ ಎಲ್ಲ ಹೆಂಗಸರ ಕಡೆಯಿಂದ ಬರುವುದು. ನಾನೂ ನಿಮ್ಮ ಹಾಗೆ ನೆಂಟ."

"ಮತ್ತೆ ಯಜಮಾನಿಕೆ ಯಾರದು?"

ಅವರು ಒಳಗೆ ಕೈ ತೋರಿಸಿದರು. ಬೆಲ್ಲ ತಂದಿಟ್ಟಿದ್ದ ಹೆಂಗಸು! ಎರಡು ದಿನದಿಂದ ನಾವು ಆ ಯಜಮಾನ್ತಿಯೊಡನೆ ಆಡಿದ್ದ ಮಾತು ಒಂದೇ: "ಇನ್ನೊಂಚೂರು ಗಂಜಿ ಹಾಕಿ."

ಅಕ್ಕ

ಯಜಮಾನ್ತಿಯ ಎದುರು ನಿಂತು ಮೊದಲಿನಿಂದ ಎಲ್ಲ ಹೇಳಿದೆ. ಅವರು ಕೇಳಿದ್ದು ಒಂದೇ: "ನಿಮ್ಮ ತೋಟದ ಮನೆಯಲ್ಲಿ ಹಿರಿಯ ಹೆಂಗಸು ಯಾರುಂಟು?"

"ಸಾಹುಕಾರರ ಅಕ್ಕ ಇದ್ದಾರಮ್ಮ. ಗಂಡ ತೀರಿಕೊಂಡ ಮೇಲೆ ತವರಲ್ಲೇ ಇದ್ದಾರೆ."

"ಅವರು ಎಂತ ಹೇಳಿದ್ದಾರೆ?"

ಅವರನ್ನು ಯಾರು ಕೇಳಿದ್ದರು? ಅಷ್ಟರಲ್ಲಿ, ನಾವು ಹೊರಡುವಾಗ ಆ ಅಕ್ಕ ಅಡುಗೆಮನೆ ಬಾಗಿಲಿಂದ ಆಡಿದ ಮಾತು ನೆನಪಾಯಿತು. ಇದ್ದದ್ದನ್ನು ಇದ್ದ ಹಾಗೇ ಹೇಳಿದೆ: "ಬರೋರು ಘಟ್ಟ ಹತ್ತಿ ಹಸ್ಕೊಂಡಿರ್ತಾರೆ, ಎಷ್ಟು ಜನ ಅಂತ ಮೊದ್ಲೇ ಹೇಳಿ ಕಳ್ಸಿ, ಅನ್ನ ಮಾಡಿಡ್ತೀನಿ ಅಂದಿದ್ದಾರೆ."

"ಇದನ್ನು ಮೊದಲೇ ಹೇಳುವುದಲ್ವಾ? ನಾಳೆ ಹೊರಡುವ" ಎಂದರು.

ಮರುದಿನ ಯಜಮಾನ್ತಿ, ತಾವೂ ಮನೆ ನೋಡಿ ಬರುವುದಾಗಿ ಹೇಳಿ, ಊರಿನ ಜನರೊಡನೆ ಘಟ್ಟ ಹತ್ತಿದರು. ತೋಟದ ಅಂಗಳದಲ್ಲಿ ಸಾಹುಕಾರರು ಕೋಟು, ಪೇಟ ಧರಿಸಿ ನಿಂತಿದ್ದರು. ಯಜಮಾನ್ತಿ ಅವರನ್ನು ದಾಟಿ ನೇರ ಅಕ್ಕನ ಬಳಿ ಹೋಗಿ ಎರಡೂ ಕೈ ಹಿಡಿದುಕೊಂಡರು. ಹುಟ್ಟಿದಾಗಿನಿಂದ ಯಾರೂ ಹಾಗೆ ಗೌರವಿಸದಿದ್ದ ಆ ಅಕ್ಕ ಮೊದಲು ತಬ್ಬಿಬ್ಬಾದರು. ಆಮೇಲೆ ಬೆನ್ನು ನೆಟ್ಟಗೆ ಮಾಡಿ ನಿಂತರು. ಅವರು ಅಷ್ಟು ಎತ್ತರವೆಂದು ನನಗೆ ಅಂದೇ ಗೊತ್ತಾದದ್ದು.

"ರೈಟ್ರೆ, ನನ್ನ ಪರಿಚಯ ಹೇಳ್ಲಿಲ್ವಾ?" ಎಂದು ಸಾಹುಕಾರರು ಪಿಸುಗುಟ್ಟಿದರು.

ನಾನು ಮುಂದೆ ಬಂದು, "ಅಮ್ಮ, ಇವರೇ ನಮ್ಮ ಸಾಹುಕಾರರು" ಎಂದೆ.

ಯಜಮಾನ್ತಿ ಅವರನ್ನು ಪೇಟದಿಂದ ಪಾದದವರೆಗೆ ಅಕ್ಕರೆಯಿಂದ ನೋಡಿ, ಅಕ್ಕನ ಕಡೆ ತಿರುಗಿದರು. "ನಿಮ್ಮ ತಮ್ಮನಾ? ಚೆಂದ ಇದ್ದಾರೆ. ತೋಟದಲ್ಲಿ ಇವರಿಗೂ ಎಂತಾದರೂ ಕೆಲಸ ಉಂಟಾ?"

ಅಕ್ಕ ತಮ್ಮನನ್ನೊಮ್ಮೆ ನೋಡಿ, "ಸದ್ಯಕ್ಕೆ ಎಲೆ ಅಡಿಕೆ ತಟ್ಟೆ ತರ್ಲಿ" ಎಂದರು.

ಸಾಹುಕಾರರು ತಂದರು.